ಹೂಂ ಅಂದ ಮೇಲೆ

ಬೆಳಕು ಹರಿಯುವ ಮುಂಚೆ ಆ ಮನೆಯಲ್ಲಿ ಆಗುವ ಕೆಲಸಗಳು ಇವು: ಹಿಂಬಾಗಿಲ ಅಗುಳಿಯನ್ನು ಸದ್ದಾಗದಂತೆ ತೆಗೆಯುವುದು. ಒಲೆಯ ಬೂದಿ ಬಾಚುವುದು. ನಲ್ಲಿಯಲ್ಲಿ ನೀರು ಬರುವಷ್ಟರಲ್ಲಿ ಕೊಡ, ಬಕೆಟ್ಟು, ಪಾತ್ರೆಗಳನ್ನು ಸಾಲಾಗಿ ಇಡುವುದು, ತುಂಬುವುದು, ಎತ್ತಿ ಒಳಗೆ ತರುವುದು. ಅತ್ತೆಯನ್ನು ಎಡಮಗ್ಗುಲಿಂದ ಬಲಮಗ್ಗುಲಿಗೆ ತಿರುಗಿಸುವುದು, ಹಾಸಿಗೆ ಒದ್ದೆಯಾಗಿದ್ದರೆ ಬದಲಿಸುವುದು, ಒದ್ದೆಯಾಗಿಲ್ಲ ಅಂತ ಅತ್ತೆ ಹೇಳಿದರೂ ಒಮ್ಮೆ ಮುಟ್ಟಿ ನೋಡುವುದು. ಗಂಡನ ಅಂಗಿಯ ಕಿತ್ತುಹೋದ ಗುಂಡಿ ಹೊಲಿಯುವುದು. ಮರಗೆಲಸದ ಕೋಣೆಯಲ್ಲಿ ನಿನ್ನೆಯ ಹೊಟ್ಟು ಗುಡಿಸಿ, ಚೆಲ್ಲಿದ ಮೊಳೆಗಳನ್ನು ಆರಿಸಿ ಡಬ್ಬಿಗೆ ಹಾಕುವುದು. ಮರ ಅಂಟಿಸುವ ಸರೇಸಿನ ಪಾತ್ರೆಯನ್ನು ಸಣ್ಣ ಉರಿಯ ಮೇಲಿಡುವುದು, ಅದು ತಳ ಹಿಡಿಯದಂತೆ ನಡುನಡುವೆ ಬಂದು ಕದಡುವುದು. ಕೊನೆಯದು ಯಾರ ಲೆಕ್ಕಕ್ಕೂ ಸೇರದ ಕೆಲಸ. ಹೊಸ ಬಿಳಿ ಬಟ್ಟೆಯನ್ನು ನೀರಲ್ಲಿ ನೆನೆಹಾಕಿ, ಹಿಂಡಿ, ಮತ್ತೆ ನೆನೆಹಾಕಿ ಅದರ ಗಂಜಿ ಬಿಡಿಸುವುದು.

ಇದಿಷ್ಟನ್ನೂ ಅತ್ತೆ ಕಣ್ಣು ಮುಚ್ಚಿಕೊಂಡೇ ಹೇಳಬಲ್ಲಳು. ಸೊಂಟ ಮುರಿದು ಹಾಸಿಗೆ ಹಿಡಿದ ಮೇಲೆ ಅವಳ ಮಂಚವನ್ನು ಅಡುಗೆಮನೆಗೂ ಮರಗೆಲಸದ ಕೋಣೆಗೂ ನಡುವಿನ ಬಾಗಿಲ ಪಕ್ಕಕ್ಕೆ ಹಾಕಿದ್ದರು. ಈ ಕಡೆ ತಿರುಗಿದರೆ ಒಲೆ, ಆ ಕಡೆ ತಿರುಗಿದರೆ ಶವಪೆಟ್ಟಿಗೆ. "ನನಗೆ ಎರಡೇ ದಾರಿ ಉಳಿದಿರೋದು, ಎರಡೂ ಕಣ್ಣೆದುರಿಗೇ ಇವೆ" ಅಂತ ನೋಡಲು ಬಂದವರ ಹತ್ತಿರ ಹೇಳಿ ನಗುತ್ತಿದ್ದಳು.

ಮನೆಯ ಕಸುಬೇ ಅದು. ಅತ್ತೆಯ ಗಂಡ ಪೆಟ್ಟಿಗೆ ಮಾಡುತ್ತಿದ್ದ, ಈಗ ಮಗ ಮಾಡುತ್ತಾನೆ. ಬೀದಿಯ ಕಡೆಯ ಹಲಗೆಯ ಮೇಲೆ ಅಪ್ಪನ ಹೆಸರೂ ಮಗನ ಹೆಸರೂ ದಪ್ಪ ಅಕ್ಷರದಲ್ಲಿವೆ. ಒಳಗಿನ ಅಸ್ತರು ಹೊಲಿಯುವವಳ, ತಲೆಗೆ ದಿಂಬು ಮಾಡುವವಳ ಹೆಸರು ಅಲ್ಲಿಲ್ಲ. ಅತ್ತೆಯ ಕಾಲದಲ್ಲೂ ಇರಲಿಲ್ಲ. ಅತ್ತೆಗೆ ಅದು ಆಗ ತೋಚಿರಲೂ ಇಲ್ಲ. ಮಲಗಿದಲ್ಲಿಂದ ಬಾಗಿಲ ಕಡೆ ನೋಡುತ್ತಾ ನೋಡುತ್ತಾ, ಹಲಗೆಯ ಬೆನ್ನು ಮಾತ್ರ ತನಗೆ ಕಾಣುತ್ತದೆ ಅಂತ ಗೊತ್ತಾದ ದಿನ ತೋಚಿತು.

ಅತ್ತೆ ತನ್ನ ಕಾಲದಲ್ಲಿ ಅಸ್ತರನ್ನು ಮೊಳೆ ಹೊಡೆದು ಕೂರಿಸಿ ಮುಗಿಸುತ್ತಿದ್ದಳು. ಸೊಸೆ ಹಾಗಲ್ಲ. ಬಟ್ಟೆಯ ಹರಿದ ಅಂಚನ್ನು ಒಳಗೆ ಮಡಿಸಿ, ಮತ್ತೊಮ್ಮೆ ಮಡಿಸಿ, ಹಲಗೆಗೆ ತಾಗುವ ಬದಿಗೂ ಸಣ್ಣ ಕೈಹೊಲಿಗೆ ಹಾಕುತ್ತಾಳೆ. ಅದನ್ನು ನೋಡುವವರು ಯಾರು? ಪೆಟ್ಟಿಗೆ ಕೊಳ್ಳುವವರು ಅಳುತ್ತಿರುತ್ತಾರೆ, ಒಳಗೆ ಮಲಗುವವರ ಕಣ್ಣು ಮುಚ್ಚಿರುತ್ತದೆ.

ಸೊಸೆ ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ ಕೇಳಿದ್ದಳು. "ಮಣ್ಣಿಗೆ ಹೋಗೋ ಬಟ್ಟೆಗೆ ಗಂಜಿ ಯಾಕೆ ತೆಗೀತೀಯಾ?"

"ಗಂಜಿ ಇದ್ರೆ ಚುಚ್ಚುತ್ತೆ ಅತ್ತೆ."

"ಯಾರಿಗೆ? ಸತ್ತೋರು ಯಾರಾದ್ರೂ ಎದ್ದು ಬಂದು ದೂರು ಕೊಟ್ಟಿದ್ದಾರಾ?"

"ಒಂದು ದಿನ ಎಲ್ಲರೂ ಏಳ್ತಾರಲ್ಲ, ಆವತ್ತು ಕೊಡಬಹುದು" ಅಂದು ಸೊಸೆ ಬಟ್ಟೆ ಹಿಂಡಿದ್ದಳು. ಅದು ತಮಾಷೆಯೋ ನಂಬಿಕೆಯೋ ಅತ್ತೆಗೆ ತಿಳಿಯಲಿಲ್ಲ. ಬರುಬರುತ್ತಾ ತಿಳಿಯಿತು, ಎರಡೂ.

ಬೀದಿಯವರು ಸೊಸೆಯನ್ನು ಕರೆಯುತ್ತಿದ್ದದ್ದು "ಹೂಂ ಅಕ್ಕ" ಅಂತ. ಏನು ಕೇಳಿದರೂ ಹೂಂ ಅನ್ನುತ್ತಾಳೆ. ಪಕ್ಕದ ಮನೆಯ ಮಗುವನ್ನು ನೋಡಿಕೊಳ್ಳುತ್ತೀಯಾ, ಹೂಂ. ಭಾನುವಾರ ಚರ್ಚಿನ ಪರದೆ ಒಗೆಯುತ್ತೀಯಾ, ಹೂಂ. ಅಂದಳು ಅಂದರೆ ಆಯಿತು. ಆಣೆ ಇಲ್ಲ, ಪ್ರಮಾಣ ಇಲ್ಲ, ನೆನಪಿಸುವ ಕೆಲಸವೂ ಇಲ್ಲ. ಹೌದು ಅಂದರೆ ಹೌದಾಗಿರಬೇಕು, ಅದಕ್ಕಿಂತ ಹೆಚ್ಚು ಮಾತು ಸೇರಿಸಿದರೆ ಅದು ದೇವರ ಕಡೆಯಿಂದ ಬಂದದ್ದಲ್ಲ ಅಂತ ಅವಳ ತಂದೆ ಅವಳ ಪುಟ್ಟ ವಯಸ್ಸಿನಲ್ಲೇ ಕಲಿಸಿದ್ದನಂತೆ. ಎಲ್ಲರಿಗೂ ಇಷ್ಟವಾದ ಪಾಠ. ಇನ್ನೊಬ್ಬರ ಮನೆಯ ಹೆಣ್ಣು ವಿಧೇಯಳಾಗಿದ್ದರೆ ಯಾರಿಗೆ ಬೇಡ? "ನನ್ನ ಸೊಸೆ ಬಾಯಲ್ಲಿ ಇನ್ನೊಂದಕ್ಷರ ಇಲ್ಲ" ಅಂತ ಅತ್ತೆಯೂ ಬೀಗಿದವಳೇ. ಆ ಹೂಂ ತಮ್ಮ ಮನೆಯ ಸೊತ್ತು ಅಂದುಕೊಂಡಿದ್ದಳು.

ಮಂಚ ಹಿಡಿದ ಮೇಲೆ ಕಿವಿ ಚುರುಕಾಯಿತು. ಆಗ ಒಂದು ಸಂಗತಿ ಗಮನಕ್ಕೆ ಬಂತು. ಸೊಸೆ ಎಲ್ಲದಕ್ಕೂ ಹೂಂ ಅನ್ನುತ್ತಿರಲಿಲ್ಲ. ಕೆಲವಕ್ಕೆ ಸುಮ್ಮನಿರುತ್ತಿದ್ದಳು, ಅಷ್ಟೆ. ಆ ಮೌನವನ್ನೂ ಎಲ್ಲರೂ ಹೂಂ ಅಂತಲೇ ಎಣಿಸಿಬಿಡುತ್ತಿದ್ದರು. ಒಮ್ಮೆ ಮಗ ಹೇಳಿದ್ದ, "ಯಾರಾದ್ರೂ ಕೇಳಿದ್ರೆ ಒಳ್ಳೇ ಜಾತಿ ಮರ ಅನ್ನು." ಅವಳು ಸುಮ್ಮನಿದ್ದಳು. ಮಧ್ಯಾಹ್ನ ಬಂದವರು ಕೇಳಿದಾಗ "ಸಾಧಾರಣ ಮರ, ಆದರೆ ಕೆಲಸ ಗಟ್ಟಿ" ಅಂದಳು. ಮಗ ಕೋಪದಲ್ಲಿ ಆವತ್ತು ತಟ್ಟೆ ಮುಂದಿದ್ದರೂ ಉಣ್ಣಲಿಲ್ಲ. ಅವಳು ತಟ್ಟೆ ಮುಚ್ಚಿಟ್ಟಳು, ತನ್ನ ಪಾಲಿನದನ್ನು ಉಂಡಳು, ಪಾತ್ರೆ ತೊಳೆದಳು. ಅತ್ತೆಗೆ ಒಂದು ಕಡೆ ಕೋಪ, ಇನ್ನೊಂದು ಕಡೆ ಏನೋ ಅಳುಕು. ಇವಳು ಯಾರ ಮಾತು ಕೇಳುತ್ತಿದ್ದಾಳೆ ಹಾಗಾದರೆ?

ಈಗ ಮೆಟ್ಟಿಲಜ್ಜಿಯ ವಿಷಯ ಹೇಳಬೇಕು. ಚರ್ಚಿನ ಮೆಟ್ಟಿಲು ತೊಳೆಯುವ ಮುದುಕಿ ಅವಳು, ಚರ್ಚಿನ ಹಿಂದಿನ ಒಂದು ಕೋಣೆಯಲ್ಲಿ ಇರುತ್ತಿದ್ದಳು. ಮುಂದಿನ ಮೆಟ್ಟಿಲಂತೆಯೇ ಹಿಂದಿನವನ್ನೂ ತೊಳೆಯುತ್ತಿದ್ದಳು. ಹಿಂದಿನ ಬಾಗಿಲು ತೆರೆದದ್ದನ್ನು ಯಾರೂ ನೋಡಿದವರಿಲ್ಲ. "ಅಲ್ಲಿ ಯಾರು ಹತ್ತುತ್ತಾರೆ ಅಜ್ಜಿ?" ಅಂದರೆ, "ಆತ ಯಾವ ಬಾಗಿಲಿಂದ ಬರ್ತಾನೆ ಅಂತ ನಿನಗೆ ಹೇಳಿದಾನಾ?" ಅನ್ನುತ್ತಿದ್ದಳು. ಒಲೆ ಹೊತ್ತಿಸಲು ಬೇಕಾದ ಮರದ ಸುರುಳಿಗಳನ್ನು ಒಯ್ಯಲು ಅವಳು ಈ ಮನೆಗೆ ಬರುತ್ತಿದ್ದಳು. ಮರ ನುಣುಪು ಮಾಡುವಾಗ ಉದುರುವ ತೆಳು ಸುರುಳಿಗಳವು. ಪೆಟ್ಟಿಗೆಯ ದಿಂಬಿಗೆ ತುಂಬುವುದೂ ಅವನ್ನೇ.

ಒಂದು ದಿನ ಸೊಸೆ ಹೊಲಿಗೆ ಯಂತ್ರದ ಮುಂದೆ ಬಗ್ಗಿ ಕೂತಿದ್ದಳು. ಹಳೆಯ ಯಂತ್ರ, ತುಳಿದರೆ ಬಂಡಿ ಹೋದಂತೆ ಸದ್ದು. ಅಜ್ಜಿ ಬಾಗಿಲಲ್ಲಿ ನಿಂತು ಏನೋ ಕೇಳಿದಳು. ಸೊಸೆ ತಲೆ ಎತ್ತದೆ "ಹೂಂ" ಅಂದಳು. ಅಜ್ಜಿಯ ಮುಖ ಅರಳಿತು. ಸುರುಳಿ ತುಂಬಿದ ಚೀಲವನ್ನು ಎದೆಗೆ ಅವುಚಿಕೊಂಡು ಹೊರಟುಹೋದಳು. ಆಮೇಲೆ ಬಂದಾಗಲೆಲ್ಲ "ನೀನು ಹೂಂ ಅಂದಿದೀಯಲ್ಲ, ನನಗಷ್ಟು ಸಾಕು" ಅನ್ನುವಳು. ಸೊಸೆ ನಗುವಳು. ಕೇಳಿಸಿಕೊಂಡಿರಲಿಲ್ಲ ಅಂತ ಹೇಳಲು ಮೊದಲ ದಿನ ಮುಜುಗರವಾಯಿತು, ಆಮೇಲೆ ಹೊತ್ತು ಮೀರಿತು.

ಮಂಚದ ಮೇಲಿದ್ದ ಅತ್ತೆಗೆ ಮಾತ್ರ ಅಜ್ಜಿಯ ಪ್ರಶ್ನೆ ಅಕ್ಷರ ಬಿಡದೆ ಕೇಳಿಸಿತ್ತು.

ಊರಿನ ದೊಡ್ಡ ಸಾಹುಕಾರರು ತೀರಿಕೊಂಡ ಮಾರನೆಯ ದಿನವೇ ಮೆಟ್ಟಿಲಜ್ಜಿಯೂ ಹೋದಳು. ಮುಂದಿನ ಮೆಟ್ಟಿಲು ತೊಳೆದಾಗಿತ್ತು, ಹಿಂದಿನ ಮೆಟ್ಟಿಲ ಮೇಲೆ ಒದ್ದೆ ಬಟ್ಟೆ ಹಿಡಿದು ಕೂತಿದ್ದವಳು ಹಾಗೇ ಗೋಡೆಗೆ ಒರಗಿದ್ದಳಂತೆ. ಸಾಹುಕಾರರು ಕೆಟ್ಟವರೇನಲ್ಲ. ಚರ್ಚಿಗೆ ಚಾವಣಿ ಹಾಕಿಸಿದವರು, ಎದುರು ಸಿಕ್ಕರೆ ತಾವೇ ಮೊದಲು ಮಾತಾಡಿಸುವವರು. ಅವರ ಪೆಟ್ಟಿಗೆಗೆ ಹೊಳೆಯುವ ರೇಷ್ಮೆಯಂಥ ಅಸ್ತರು ಬೇಕೆಂದು ಮನೆಯವರು ಬಟ್ಟೆ ಕಳಿಸಿದ್ದರು. ಸೊಸೆ ಊಟ ತಿಂಡಿಯ ನಡುನಡುವೆ, ಅತ್ತೆಯ ಮಗ್ಗುಲು ಬದಲಿಸುವ ನಡುನಡುವೆ ಅದನ್ನು ಹೊಲಿದು ಮುಗಿಸಿದ್ದಳು. ಒಳಬದಿಗೂ ಸಣ್ಣ ಹೊಲಿಗೆಯೇ. ಸಾಹುಕಾರರೆಂದು ಹೆಚ್ಚಿಲ್ಲ, ಕಡಿಮೆಯೂ ಇಲ್ಲ.

ಆ ಪೆಟ್ಟಿಗೆ ಹೋದ ಮೇಲೆ ಅವಳು ಕೈ ಒರೆಸಿಕೊಂಡು ಮಂಚದ ಹತ್ತಿರ ಬಂದು ನೆಲದ ಮೇಲೆ ಕೂತಳು. ಹಗಲು ಹೊತ್ತಿನಲ್ಲಿ ಅವಳು ಕೈಯಲ್ಲಿ ಕೆಲಸವಿಲ್ಲದೆ ಕೂತದ್ದನ್ನು ಅತ್ತೆ ಕಂಡಿರಲೇ ಇಲ್ಲ.

"ಅತ್ತೆ, ಆವತ್ತು ಅಜ್ಜಿ ಏನು ಕೇಳಿದ್ರು?"

ಅತ್ತೆ ಚಾವಣಿ ನೋಡಿದಳು. ಹೇಳಿದರೆ ಏನಾಗುತ್ತದೆ ಅಂತ ಅವಳಿಗೆ ಗೊತ್ತು. ಮಗನ ಮುಖ ಊದುತ್ತದೆ, ಒಲೆ ತಡವಾಗುತ್ತದೆ, ತನ್ನ ಮಗ್ಗುಲೂ ತಡವಾಗುತ್ತದೆ. "ಕೇಳಿಸಿಕೊಳ್ಳದೆ ಅಂದ ಹೂಂ ಹೂಂ ಅಲ್ಲ ಕಣೆ. ಯಾವ ದೇವರೂ ಅದನ್ನ ಹಿಡ್ಕೊಂಡು ಕೂರಲ್ಲ."

"ನನ್ನ ಕಡೆಯಿಂದ ಅದು ಹೂಂ ಅಲ್ಲದೆ ಇರಬಹುದು. ಅವರು ಅದನ್ನ ನಂಬ್ಕೊಂಡು ಹೋದ್ರಲ್ಲ. ಅವರಿಗೆ ಅದು ಹೂಂನೇ."

ಆ ಮುಖದ ಎದುರು 'ನನಗೂ ಕೇಳಿಸಲಿಲ್ಲ' ಅನ್ನಲು ಅತ್ತೆಗೆ ಆಗಲಿಲ್ಲ. ಅವಳು ನಿಧಾನವಾಗಿ ಹೇಳಿದಳು. "ಕೊನೇಲಿ ನನ್ನ ತಲೆ ಕೆಳಗೆ ನಿನ್ನ ಕೈಯಿಂದ ಒಂದು ದಿಂಬು ಮಾಡ್ತೀಯಾ ಅಂದ್ಲು. ಸುರುಳಿ ತುಂಬಿದ್ದಲ್ಲ, ಹತ್ತಿದು. ಜೀವಮಾನವೆಲ್ಲ ನನ್ನ ಕೈಯೇ ತಲೆಗಿಟ್ಕೊಂಡು ಮಲಗಿದೀನಿ, ಅದಕ್ಕೂ ಸಾಕಾಗಿದೆ ಅಂದ್ಲು."

ಸೊಸೆ "ಹೂಂ" ಅಂದಳು. ಈ ಸಲ ಕೇಳಿಸಿಕೊಂಡು ಅಂದದ್ದು.

ಅಷ್ಟರಲ್ಲಿ ಮಗ ಒಗೆದ ಅಂಗಿ ತೊಟ್ಟು, ತಲೆ ಬಾಚಿಕೊಂಡು ಬಂದ. ಮೂಲೆಯಲ್ಲಿ ಉಳಿದ ಹಲಗೆಗಳಿಂದ ಮಾಡಿದ ಅಜ್ಜಿಯ ಪೆಟ್ಟಿಗೆ ಇತ್ತು, ಒಳಗೆ ಬರಿಯ ಮರ. "ಬೇಗ ಹೊರಡು. ಸಾಹುಕಾರರ ಹೆಂಡತಿ ಹೇಳಿಕಳಿಸಿದಾರೆ, ನೀನು ಮುಂದಿನ ಬೆಂಚಲ್ಲಿ ಅವರ ಜೊತೇಲೇ ಕೂರಬೇಕಂತೆ. ಅಸ್ತರು ಕೈಯಿಂದ ಸವರಿ ನೋಡಿ ಅತ್ತರಂತೆ. ಇನ್ನು ಆ ಕಡೆಯ ಕೆಲಸವೆಲ್ಲ ನಮಗೇ ಬರುತ್ತೆ. ನೀನು ಕಾಣಿಸಲಿಲ್ಲ ಅಂದ್ರೆ ಅಹಂಕಾರ ಅಂದ್ಕೋತಾರೆ."

"ಅಜ್ಜಿ ಪೆಟ್ಟಿಗೆ?"

"ಅದಕ್ಕೇನು? ಗುಂಡಿ ತೆಗೆಯೋರು ಬಂದು ಗಾಡೀಲಿ ಒಯ್ತಾರೆ. ಅಲ್ಲೇ ಅಜ್ಜೀನ ಮಲಗಿಸಿ, ಮುಚ್ಚಿ ಮೊಳೆ ಹೊಡೀತಾರೆ. ಅಸ್ತರು ಬೇಡ, ದಿಂಬು ಬೇಡ. ಯಾರು ನೋಡೋರು? ನಡಿ."

"ಊಹೂಂ."

ಒಲೆಯ ಮೇಲಿನ ನೀರು ಕುದಿಯುವ ಸದ್ದು ಅತ್ತೆಗೆ ಕೇಳಿಸಿತು. ಮಗ ತನ್ನ ಕಿವಿಯನ್ನೇ ನಂಬದೆ ಅಮ್ಮನ ಕಡೆ ನೋಡಿದ, ಅವಳೇ ಅಂದಳೇನೋ ಅನ್ನುವಂತೆ.

"ಏನಂದೆ?"

"ಊಹೂಂ ಅಂದೆ. ಅಜ್ಜಿಗೆ ಹತ್ತಿ ದಿಂಬು ಮಾಡಿಕೊಡ್ತೀನಿ ಅಂತ ಹೂಂ ಅಂದಿದೀನಿ. ಅದು ಮುಗೀದೆ ಬರಲ್ಲ."

"ಒಂದು ದಿಂಬಿಗೆ ಇಷ್ಟು ದೊಡ್ಡ ಮಾತಾ? ಗಂಡನ ಮಾತು ಕೇಳಬೇಕು ಅಂತ ನಿಮ್ಮಪ್ಪ ಕಲಿಸಲಿಲ್ವಾ?"

"ಕಲಿಸಿದ್ರು. ಅದಕ್ಕೂ ಮೊದಲು ಇದನ್ನ ಕಲಿಸಿದ್ರು" ಅಂದಳು, ದನಿ ಏರಿಸದೆ. "ದೊಡ್ಡ ದೊಡ್ಡ ಮಾತು ಪಾಲಿಸೋಕೆ ನನಗೆ ಯಾರು ಕೊಡ್ತಾರೆ? ನನ್ನ ಪಾಲಿಗೆ ಬರೋದು ಇಂಥ ಚಿಕ್ಕದೇ. ಇದನ್ನೇ ಬಿಟ್ರೆ ನನ್ನ ಹತ್ರ ಇನ್ನೇನಿದೆ?"

"ಸತ್ತೋಳಿಗೆ ಕೊಟ್ಟ ಮಾತು. ಯಾರಿದಾರೆ ಸಾಕ್ಷಿ?"

 ಸೊಸೆಗೆ ಗೊತ್ತಿದ್ದ ಸಾಕ್ಷಿಯ ಹೆಸರನ್ನು ಜಗಳದಲ್ಲಿ ಎತ್ತುವವಳಲ್ಲ ಅವಳು.

"ನಾನಿದೀನಿ" ಅಂದಳು ಅತ್ತೆ ಮಂಚದಿಂದ. ತನ್ನ ದನಿ ಕೇಳಿ ತನಗೇ ಆಶ್ಚರ್ಯವಾಯಿತು. "ನೀನು ಹೋಗಪ್ಪ. ನನ್ನ ಸೊಂಟ ನೋವು ಜಾಸ್ತಿ ಆಯ್ತು ಅನ್ನು."

"ಹಾಗನ್ನಬೇಡಿ" ಅಂದಳು ಸೊಸೆ ಗಂಡನ ಕಡೆ ತಿರುಗಿ. "ದಿಂಬು ಹೊಲೀತಿದಾಳೆ ಅಂತಲೇ ಹೇಳಿ."

ಅವನು ಬಾಗಿಲು ಹಾರುಹೊಡೆದು ಹೋದ. ಬೀದಿಯಲ್ಲಿ ಅವನ ಹೆಜ್ಜೆಯ ಸದ್ದು ಕರಗಿದ ಮೇಲೆ ಅತ್ತೆ ಕೇಳಿದಳು, "ಹತ್ತಿ ಎಲ್ಲಿಂದ ತರ್ತೀಯಾ ಮಾರಾಯ್ತಿ? ಸಾವಿನ ದಿನ, ಅಂಗಡಿ ಎಲ್ಲ ಮುಚ್ಚಿದೆ."

ಸೊಸೆ ಸುತ್ತ ನೋಡಿದಳು.

"ನನ್ನ ದಿಂಬು ತಗೋ. ಒಳ್ಳೇ ಹತ್ತಿ. ನಾನು ಹೆಂಗೂ ಇವತ್ತೋ ನಾಳೆನೋ."

"ಊಹೂಂ. ನಿಮಗೆ ಕತ್ತು ನೋಯುತ್ತೆ."

"ಒಂದೇ ದಿನ ಎರಡು ಊಹೂಂ. ರುಚಿ ಹತ್ತಿತು ನೋಡು" ಅಂದಳು ಅತ್ತೆ. ಇಬ್ಬರೂ ನಕ್ಕರು. ಸೊಸೆ ಒಳಗೆ ಹೋಗಿ ತನ್ನ ದಿಂಬು ತಂದಳು. ತವರಿಂದ ತಂದದ್ದು. ಆ ಮನೆಯಲ್ಲಿ ಅವಳದು ಅಂತ ಬೇರೆ ಹೇಳಬಹುದಾದ ವಸ್ತುವಿದ್ದರೆ ಅದೊಂದೇ. ಅತ್ತೆ ಬೇಡ ಅನ್ನಲು ಬಾಯಿ ತೆರೆದಳು, ಅಷ್ಟರಲ್ಲಿ ಬ್ಲೇಡು ಅಂಚಿಗೆ ಬಿದ್ದಿತ್ತು.

ಹತ್ತಿ ಗಟ್ಟಿಯಾಗಿ ಹೋಗಿತ್ತು. ಅವಳು ನೆಲದ ಮೇಲೆ ಕಾಲು ಚಾಚಿ ಕೂತು ಒಂದೊಂದು ಉಂಡೆಯನ್ನೂ ಬೆರಳಿಂದ ಬಿಡಿಸಿ ಹಗುರ ಮಾಡಿದಳು. ಎಳೆಗಳು ಹಾರಿ ಹುಬ್ಬಿಗೆ, ಕೂದಲಿಗೆ ಅಂಟಿಕೊಂಡವು. ಬೆಳಿಗ್ಗೆ ಗಂಜಿ ಬಿಡಿಸಿ ಒಣಗಿಸಿದ ಬಟ್ಟೆ ಇತ್ತು. ಅದರಲ್ಲಿ ಒಂದು ಭಾಗ ಅಸ್ತರಿಗೆ, ಉಳಿದದ್ದು ದಿಂಬಿಗೆ. ಚರ್ಚಿನ ಧ್ವನಿವರ್ಧಕದಿಂದ ಪಾದ್ರಿಗಳ ಮಾತು ಗಾಳಿ ಬಂದ ಹಾಗೆ ಬಂದು ಹೋಗುತ್ತಿತ್ತು. "ದೊಡ್ಡ ಮನುಷ್ಯರು... ಎಷ್ಟು ದೊಡ್ಡ ಮನುಷ್ಯರು..." ಸೊಸೆ ಅದಕ್ಕೆ ಕಿವಿಗೊಟ್ಟಂತೆಯೂ ಇರಲಿಲ್ಲ, ಮುನಿದಂತೆಯೂ ಇರಲಿಲ್ಲ. ಹತ್ತಿ ಬಿಡಿಸುತ್ತಿದ್ದಳು.

ಅತ್ತೆ ನೋಡುತ್ತಿದ್ದಳು. ಇಷ್ಟು ವರ್ಷ ಈ ಕೈಗಳನ್ನು ನೋಡಿದ್ದಾಳೆ. ತನ್ನ ಮೈ ತೊಳೆದ ಕೈ, ತನ್ನ ಬಾಯಿಗೆ ಗಂಜಿ ಹಿಡಿದ ಕೈ. ಇವೆಲ್ಲ ತನಗಾಗಿ, ತನ್ನ ಮಗನಿಗಾಗಿ, ಈ ಮನೆಯ ಸೊಸೆ ಅನ್ನುವ ಕಾರಣಕ್ಕಾಗಿ ಆಗುತ್ತಿವೆ ಅಂದುಕೊಂಡಿದ್ದಳು. ಆ ಹೂಂ ಒಂದು ದಿನವೂ ತಮ್ಮ ಸೊತ್ತಾಗಿರಲಿಲ್ಲ. ತಮ್ಮ ತಲೆಯ ಮೇಲಿಂದ ಅದು ಬೇರೆಲ್ಲಿಗೋ ಹೋಗಿ ಮುಟ್ಟುತ್ತಿತ್ತು, ತಮಗೆ ಸಿಕ್ಕಿದ್ದು ಅದರ ನೆರಳು. ಹಾಸಿಗೆ ಒದ್ದೆಯಾಗಿದೆಯೇ ಅಂತ ಕತ್ತಲಲ್ಲಿ ಮುಟ್ಟಿ ನೋಡುವಾಗಲೂ ಅವಳು ಒಬ್ಬ ರಾಜನ ಎದುರಿಗೇ ನಿಂತಿರುತ್ತಿದ್ದಳೇನೋ. ಅತ್ತೆಯ ತೋಳಿನ ಮೇಲೆ ರೋಮ ಎದ್ದಿತು. ಹಗಲು ಬೆಳಕಿನಲ್ಲಿ, ಹೊಟ್ಟಿನ ವಾಸನೆಯ ಈ ಕೋಣೆಯಲ್ಲಿ, ಸೊಸೆಯಲ್ಲದೆ ಇನ್ನೂ ಯಾರೋ ಇದ್ದಾರೆ ಅನ್ನಿಸಿತು. ಪ್ರಾರ್ಥನೆಯಲ್ಲಿ ಮಾಡುವಂತೆ ಅವಳು ಹೊದಿಕೆಯ ಅಂಚನ್ನು ತಲೆಯ ಮೇಲೆ ಎಳೆದುಕೊಂಡಳು.

ಅಸ್ತರು ಕೂರಿಸಿದ್ದಾಯಿತು. ದಿಂಬಿನ ಮೂರು ಬದಿ ಹೊಲಿದು, ಮಗುಚಿ, ಹತ್ತಿ ತುಂಬಿದ್ದಾಯಿತು. ನಾಲ್ಕನೆಯ ಬದಿಯನ್ನು ಕೈಯಿಂದ ಮುಚ್ಚಬೇಕು. ಅಷ್ಟರಲ್ಲಿ ಬೀದಿಯಲ್ಲಿ ತಳ್ಳುಗಾಡಿ ಬಂದು ನಿಂತ ಸದ್ದು.

"ಹೂಂ ಅಕ್ಕಾ, ಆಯ್ತಾ? ದೊಡ್ಡೋರ ಕೆಲಸ ಮುಗೀತು. ಪಾದ್ರಿಗಳು ಇನ್ನೊಂದು ಪ್ರಾರ್ಥನೆ ಹೇಳಿ ಮನೆಗೆ ಹೋಗ್ತಾರಂತೆ. ಕಾಯಿಸಬೇಡಿ."

ಅವಳ ಸೂಜಿ ಓಡಿತು. ಗಡಿಬಿಡಿಯಲ್ಲಿ ಹೊಲಿಗೆ ಉದ್ದುದ್ದ ಬಿತ್ತು, ಚೀಲದ ಬಾಯಿ ಕಟ್ಟಿದ ಹಾಗೆ. ದಾರ ಗಂಟು ಹಾಕಿದಳು. ಎದ್ದು, ಆ ಬದಿಯನ್ನು ಕೆಳಗೆ ಮಾಡಿ ದಿಂಬನ್ನು ಪೆಟ್ಟಿಗೆಯೊಳಗಿಟ್ಟು ಅಂಗೈಯಿಂದ ನಡುವೆ ಒಂದು ತಗ್ಗು ಮಾಡಿದಳು, ತಲೆ ಕೂರುವಷ್ಟು. ನೋಡಲು ಬಲು ಚೆನ್ನಾಗಿತ್ತು. ಮೇಲಿಂದ ಯಾವ ಕೊರತೆಯೂ ಕಾಣುತ್ತಿರಲಿಲ್ಲ. ಕೊಟ್ಟ ಮಾತು ತೀರಿತ್ತು.

ಅವಳು ಮಂಚದ ಕಡೆ ನೋಡಿದಳು. ಅತ್ತೆ ಕಣ್ಣು ಮುಚ್ಚಿದಳು. ಈ ಹೊತ್ತಿನಲ್ಲಿ ತಾನು ಒಂದು ಮಾತಾಡಿದರೂ, ಒಂದು ನೋಟ ಕೊಟ್ಟರೂ ತಪ್ಪು ಅನ್ನಿಸಿತು. ಸಾಕು ಬಿಡು ಅನ್ನುವ ಹಕ್ಕು ತನಗಿಲ್ಲ, ಸಾಲದು ಅನ್ನುವ ಹಕ್ಕಂತೂ ಇಲ್ಲವೇ ಇಲ್ಲ. ಉಸಿರು ಬಿಗಿಹಿಡಿದು, ನಿದ್ದೆ ಬಂದವಳಂತೆ ಬಾಯಿ ಸ್ವಲ್ಪ ತೆರೆದಳು.

"ಅಕ್ಕಾ, ಆಯ್ತಾ?" ಹೊರಗಿನ ದನಿ ಮತ್ತೆ ಕೇಳಿತು.

ಹೂಂ ಬರಲಿಲ್ಲ. ಊಹೂಂ ಕೂಡ ಬರಲಿಲ್ಲ.

ಅತ್ತೆ ರೆಪ್ಪೆಯ ಸಂದಿಯಿಂದ ಕಂಡಳು. ಸೊಸೆ ಪೆಟ್ಟಿಗೆಯೊಳಗೆ ಬಗ್ಗಿದಳು. ದಿಂಬನ್ನು ಎರಡೂ ಕೈಯಿಂದ, ಮಲಗಿದ ಮಗುವನ್ನು ಎತ್ತುವಂತೆ ಎತ್ತಿಕೊಂಡಳು. ಮಗುಚಿ, ಬಾಗಿಲಿಂದ ಬರುತ್ತಿದ್ದ ಬೆಳಕಿಗೆ ಹಿಡಿದಳು. ಗಂಟನ್ನು ಹಲ್ಲಿನಿಂದ ಕಚ್ಚಿ, ಉದ್ದುದ್ದ ಹೊಲಿಗೆಗಳನ್ನು ಒಂದೊಂದಾಗಿ ಬಿಚ್ಚಿ ಹಾಕಿದಳು. ಆಮೇಲೆ ಹೊಸ್ತಿಲ ಮೇಲೆ ಕೂತು, ಬಟ್ಟೆಯ ಅಂಚನ್ನು ಒಳಗೆ ಮಡಿಸಿ, ಮತ್ತೊಮ್ಮೆ ಮಡಿಸಿ, ಸೂಜಿಗೆ ಹೊಸ ದಾರ ಪೋಣಿಸಿದಳು.